ಮೊಟ್ಟೆಯ ಬಿಳಿಯ ಪ್ರೋಟೀನ್ ಪತ್ತೆಗೆ ಆಂಟಿಬಾಡಿ: ಆರಿಸುವುದರಿಂದ ಅಳೆಯುವವರೆಗೆ

ಎಗ್‌ಲೆಸ್ ಎಂದು ಮಾರುವ ಕೇಕಿನಲ್ಲಿ ನಿಜಕ್ಕೂ ಮೊಟ್ಟೆ ಇಲ್ಲವೇ? ಮೊಟ್ಟೆ ತಿಂದರೆ ಮೈತುಂಬ ದದ್ದು ಏಳುವ, ಉಸಿರಾಟವೇ ಕಷ್ಟವಾಗುವ ಮಗುವಿನ ಅಪ್ಪ-ಅಮ್ಮನಿಗೆ ಇದು ಜೀವದ ಪ್ರಶ್ನೆ. ಮೊಟ್ಟೆ ಮುಟ್ಟದ ಮನೆಗಳಿಗೆ ನಂಬಿಕೆಯ ಪ್ರಶ್ನೆ. ಆಹಾರ ಸುರಕ್ಷತೆಯ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ತನ್ನ 2020ರ ಲೇಬಲಿಂಗ್ ನಿಯಮಗಳಲ್ಲಿ ಮೊಟ್ಟೆಯನ್ನು ಅಲರ್ಜಿ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಮೊಟ್ಟೆ ಇರುವ ಪೊಟ್ಟಣದ ಮೇಲೆ ಮಾಂಸಾಹಾರದ ಗುರುತೂ ಇರಬೇಕು. ಹಾಗಾಗಿ ಒಂದು ಬಿಸ್ಕತ್ತಿನಲ್ಲಿ ಅಡಗಿರುವ ಅತ್ಯಲ್ಪ ಮೊಟ್ಟೆಯನ್ನೂ ಹಿಡಿಯುವ ವಿಧಾನ ಬೇಕು. ಆ ಕೆಲಸಕ್ಕೆ ಲ್ಯಾಬಿನಲ್ಲಿ ಹೆಚ್ಚಾಗಿ ಬಳಸುವುದು ಮೊಟ್ಟೆಯ ಬಿಳಿಯಲ್ಲಿರುವ ಓವಾಲ್ಬುಮಿನ್ ಎಂಬ ಪ್ರೋಟೀನನ್ನು ಗುರುತಿಸುವ ಆಂಟಿಬಾಡಿಗಳನ್ನು, ಅಂದರೆ ತಮ್ಮ ಗುರಿಗೆ ಮಾತ್ರ ಅಂಟುವ ಪ್ರೋಟೀನುಗಳನ್ನು.

ಇದೇ ಆಂಟಿಬಾಡಿಗಳು ಇಮ್ಯುನಾಲಜಿ ಲ್ಯಾಬುಗಳಲ್ಲೂ ಬೇಕು. ಇಲಿಗಳಲ್ಲಿ ಅಸ್ತಮಾ, ಲಸಿಕೆ, ಕ್ಯಾನ್ಸರ್ ಕುರಿತ ಪ್ರಯೋಗಗಳಿಗೆ ಓವಾಲ್ಬುಮಿನ್ ಬಹಳ ಕಾಲದಿಂದ ಮಾದರಿ ಆಂಟಿಜೆನ್ (ಆಂಟಿಬಾಡಿ ಹುಟ್ಟಿಸುವ ವಸ್ತು) ಆಗಿದೆ. ಮೊಟ್ಟೆಯಲ್ಲಿ ಬೆಳೆಸುವ ಫ್ಲೂ ಲಸಿಕೆಯಲ್ಲಿ ಎಷ್ಟು ಓವಾಲ್ಬುಮಿನ್ ಉಳಿದಿದೆ ಎಂದು ನೋಡುವುದಕ್ಕೂ ಇವೇ ಬೇಕು. ಔಷಧಿಗಳ ಗುಣಮಟ್ಟದ ಗ್ರಂಥವಾದ ಯುರೋಪಿಯನ್ ಫಾರ್ಮಕೋಪಿಯಾ ಪ್ರಕಾರ ಒಂದು ಡೋಸಿನಲ್ಲಿ ಅದು 1 ಮೈಕ್ರೊಗ್ರಾಂ ಮೀರಬಾರದು.

ಈ ಕೆಲಸಕ್ಕೆ ಮೊದಲ ಸಲ ಕೈ ಹಾಕುತ್ತಿರುವ ಎಂ.ಎಸ್ಸಿ., ಪಿಎಚ್‌.ಡಿ. ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದ್ದಕ್ಕೂ ಒಂದು ಮಾತು ನೆನಪಿರಲಿ. ಆಂಟಿಬಾಡಿಗೆ ಪ್ರೋಟೀನಿನ ಆಕಾರವೇ ಗುರುತು. ಬೇಯಿಸಿದಾಗ, ಹುರಿದಾಗ, ಎಸ್‌ಡಿಎಸ್ ಎಂಬ ಮಾರ್ಜಕ ಹಾಕಿದಾಗ ಆ ಆಕಾರ ಕೆಡುತ್ತದೆ. ಆಗ ಆಂಟಿಬಾಡಿ ತನ್ನ ಗುರಿಯನ್ನು ಕಂಡೂ ಗುರುತಿಸದೇ ಹೋಗಬಹುದು. ಇದನ್ನು ಮರೆತು ಕೊಂಡ ಆಂಟಿಬಾಡಿಗಳು ಎಷ್ಟೋ ಲ್ಯಾಬುಗಳ ಫ್ರೀಜರಿನಲ್ಲಿ ಸುಮ್ನೆ ಬಿದ್ದಿರುತ್ತವೆ.

ಏನನ್ನು ಹುಡುಕುತ್ತಿದ್ದೀರಿ?

ಕೋಳಿಮೊಟ್ಟೆಯ ಬಿಳಿಯಲ್ಲಿ ಶೇ 10–11ರಷ್ಟು ಪ್ರೋಟೀನ್, ಉಳಿದದ್ದು ಹೆಚ್ಚೂಕಡಿಮೆ ನೀರು. ಆ ಪ್ರೋಟೀನಿನಲ್ಲಿ ಸುಮಾರು ಶೇ 54 ಓವಾಲ್ಬುಮಿನ್. ಓವೊಟ್ರಾನ್ಸ್‌ಫೆರಿನ್ ಶೇ 12ರಷ್ಟು, ಓವೊಮ್ಯುಕಾಯ್ಡ್ ಶೇ 11ರಷ್ಟು, ಲೈಸೊಜೈಮ್ ಶೇ 3.5ರಷ್ಟು. ಈ ನಾಲ್ಕೂ ಅಲರ್ಜಿ ತರಬಲ್ಲವು. ಅಲರ್ಜನ್ ಪಟ್ಟಿಯಲ್ಲಿ ಓವೊಮ್ಯುಕಾಯ್ಡ್ ಗ್ಯಾಲ್ ಡಿ 1, ಓವಾಲ್ಬುಮಿನ್ ಗ್ಯಾಲ್ ಡಿ 2.

ಓವಾಲ್ಬುಮಿನ್ 385 ಅಮೈನೊ ಆಮ್ಲಗಳ ಸರಪಳಿ. ಒಂದು ಸಕ್ಕರೆ ಕೊಂಡಿ ಅಂಟಿಕೊಂಡಿರುತ್ತದೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ 45 ಕಿಲೊಡಾಲ್ಟನ್ (ಅಣುತೂಕದ ಅಳತೆ) ಹತ್ತಿರ ಕಾಣುತ್ತದೆ. ಒಳಗೆ ಎರಡು ಸಿಸ್ಟೀನ್ (ಗಂಧಕ ಇರುವ ಅಮೈನೊ ಆಮ್ಲ) ಸೇರಿ ಆದ ಒಂದು ಡೈಸಲ್ಫೈಡ್ ಕೊಂಡಿ, ಜೊತೆಗೆ ಬಿಡಿಯಾದ ನಾಲ್ಕು ಸಿಸ್ಟೀನ್‌ಗಳು. ಈ ನಾಲ್ಕು ಸಾಮಾನ್ಯವಾಗಿ ಒಳಗೆ ಮುಚ್ಚಿಕೊಂಡಿರುತ್ತವೆ. ಬಿಸಿ ತಾಗಿದರೆ ಪ್ರೋಟೀನ್ ಬಿಚ್ಚಿಕೊಂಡು, ಇವು ಹೊರಬಂದು, ಪಕ್ಕದ ಅಣುಗಳ ಜೊತೆ ಕೊಂಡಿ ಹಾಕಿಕೊಳ್ಳುತ್ತವೆ. ಬೆಂದ ಮೊಟ್ಟೆ ಗಟ್ಟಿಯಾಗುವುದರಲ್ಲಿ ಇದಕ್ಕೂ ಪಾಲಿದೆ. ಕೇಕಿನಿಂದ ಓವಾಲ್ಬುಮಿನ್ ಬಿಡಿಸುವುದು ಕಷ್ಟವಾಗುವುದೂ ಇದರಿಂದಲೇ.

ಓವಾಲ್ಬುಮಿನ್ ಆಂಟಿಬಾಡಿಗೆ ಕಾಣದ ಮೊಟ್ಟೆಯೂ ಉಂಟು. ಕೆಲವು ಗಟ್ಟಿ ಚೀಸ್‌ಗಳಿಗೆ ಮೊಟ್ಟೆಯಿಂದ ತೆಗೆದ ಲೈಸೊಜೈಮನ್ನು ಮಾತ್ರ ಹಾಕುತ್ತಾರೆ. ಅಲ್ಲಿ ಲೈಸೊಜೈಮ್ ಆಂಟಿಬಾಡಿಯೇ ಬೇಕು. ಹಳದಿ ಭಾಗದಿಂದ ತೆಗೆದ ಲೆಸಿಥಿನ್ ಮಾತ್ರ ಇದ್ದರೂ ಓವಾಲ್ಬುಮಿನ್ ಪರೀಕ್ಷೆ ನಂಬುವಂತಿಲ್ಲ.

ಆಂಟಿಬಾಡಿ ಆರಿಸುವುದು

ಕ್ಯಾಟಲಾಗಿನಲ್ಲಿ ಓವಾಲ್ಬುಮಿನ್, ಎಗ್ ಆಲ್ಬುಮಿನ್, ಎಗ್ ವೈಟ್ ಎಂದು ಮೂರೂ ಥರ ಹುಡುಕಿ. ಎಗ್ ವೈಟ್ ಎಂದಿದ್ದರೆ ಇಡೀ ಬಿಳಿಯನ್ನೇ ಚುಚ್ಚಿ ತಯಾರಿಸಿದ್ದು ಇರಬಹುದು. ಅದು ನಾಲ್ಕೈದು ಪ್ರೋಟೀನುಗಳನ್ನು ಒಟ್ಟಿಗೆ ಹಿಡಿಯುತ್ತದೆ. ಚಿಕನ್ ಸೀರಂ ಆಲ್ಬುಮಿನ್ ಬೇರೆಯದೇ ಪ್ರೋಟೀನ್, ಹೆಸರು ನೋಡಿ ಮೋಸ ಹೋಗಬೇಡಿ.

ಆಮೇಲೆ ಮೂರು ಸಂಗತಿ ನೋಡಿ. ಮೊದಲನೆಯದು, ಮೊಲಕ್ಕೋ ಇಲಿಗೋ ಚುಚ್ಚಿದ ಓವಾಲ್ಬುಮಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದು. ಸಹಜ ರೂಪದ್ದೋ, ಬೇಯಿಸಿದ್ದೋ, ಬರೀ ಒಂದು ಪೆಪ್ಟೈಡೋ? ಎರಡನೆಯದು, ಯಾವ ವಿಧಾನದಲ್ಲಿ ಪರೀಕ್ಷಿಸಿದ್ದಾರೆ ಎಂಬುದು. ಎಲೈಸಾದಲ್ಲಿ (ಪ್ಲೇಟಿನ ವೆಲ್ ಎಂಬ ಗುಳಿಗಳಲ್ಲಿ ಬಣ್ಣ ನೋಡಿ ಅಳೆಯುವ ಪರೀಕ್ಷೆ) ಮಾತ್ರ ತೋರಿಸಿದ್ದರೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಜೆಲ್‌ನಲ್ಲಿ ಬೇರ್ಪಡಿಸಿ ಪೊರೆಯ ಮೇಲೆ ಹುಡುಕುವ ಪರೀಕ್ಷೆ) ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ. ಮೂರನೆಯದು, ಯಾವ ಪ್ರಾಣಿಯಲ್ಲಿ ತಯಾರಾಗಿದೆ ಎಂಬುದು. ಇಲಿಯ ಅಂಗಾಂಶದಲ್ಲಿ ಹುಡುಕುವುದಾದರೆ ಇಲಿಯ ಆಂಟಿಬಾಡಿ ಬೇಡವೇ ಬೇಡ. ನಿಮ್ಮ ಆಂಟಿಬಾಡಿಗೆ ಅಂಟಿ ಅದನ್ನು ತೋರಿಸುವ ಸೆಕೆಂಡರಿ ಆಂಟಿಬಾಡಿ ಆ ಅಂಗಾಂಶದ ಸ್ವಂತ ಆಂಟಿಬಾಡಿಗಳನ್ನೆಲ್ಲ ಹಿಡಿದು ಸ್ಲೈಡ್ ಪೂರ್ತಿ ಬಣ್ಣ ಬರಿಸುತ್ತದೆ.

ಒಂದೇ ಆಂಟಿಬಾಡಿಗೆ ದುಡ್ಡಿದ್ದರೆ ಮೊಲದ ಪಾಲಿಕ್ಲೋನಲ್ (ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ) ಕೊಳ್ಳಿ ಎನ್ನುವುದು ನನ್ನ ಸಲಹೆ. ಅದು ಪ್ರೋಟೀನಿನ ಹಲವು ಭಾಗಗಳನ್ನು ಗುರುತಿಸುವುದರಿಂದ ಒಂದು ಭಾಗ ಕೆಟ್ಟರೂ ಇನ್ನೊಂದು ಸಿಗುತ್ತದೆ. ಆದರೆ ಬಾತು, ಟರ್ಕಿ ಮೊಟ್ಟೆಗಳ ಓವಾಲ್ಬುಮಿನ್‌ಗೂ ಅದು ಅಷ್ಟಿಷ್ಟು ಅಂಟಬಹುದು, ಲಾಟಿನಿಂದ ಲಾಟಿಗೆ ಬದಲಾಗಲೂಬಹುದು. ಒಂದೇ ಬಗೆಯ ಆಂಟಿಬಾಡಿಯಾದ ಮೊನೊಕ್ಲೋನಲ್ ಹಾಗಲ್ಲ, ವರ್ಷಗಟ್ಟಲೆ ಒಂದೇ ಥರ ಇರುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಒಂದೇ ಭಾಗ. ಆ ಭಾಗ ಬಿಸಿಗೆ ಕೆಟ್ಟರೆ ಮುಗಿಯಿತು.

25-ಡಿ1.16 ಎಂಬ ಕ್ಲೋನ್ (ಒಂದು ಮೊನೊಕ್ಲೋನಲ್) ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಓವಾಲ್ಬುಮಿನ್ ಹುಡುಕುವವರ ಕಣ್ಣಿಗೆ ಇದು ಬೇಗ ಬೀಳುತ್ತದೆ. ಇದು ಇಡೀ ಓವಾಲ್ಬುಮಿನ್ನನ್ನು ಹಿಡಿಯುವುದಿಲ್ಲ. 257ರಿಂದ 264ರವರೆಗಿನ ಎಂಟು ಅಮೈನೊ ಆಮ್ಲಗಳ ತುಣುಕು ಕೋಶದ ಹೊರಮೈಯಲ್ಲಿ ಇಂಥ ತುಣುಕುಗಳನ್ನು ಎತ್ತಿ ತೋರಿಸುವ ಎಚ್-2ಕೆಬಿ ಅಣುವಿನ ಮೇಲೆ ಕೂತಿದ್ದರೆ ಮಾತ್ರ ಗುರುತಿಸುತ್ತದೆ. ಸಿ57ಬಿಎಲ್/6 ತಳಿಯ ಇಲಿಯ ಜೀವಕೋಶಗಳ ಮೇಲೆ ಫ್ಲೋ ಸೈಟೊಮೆಟ್ರಿ (ಕೋಶಗಳನ್ನು ಒಂದೊಂದಾಗಿ ಲೇಸರ್‌ನಿಂದ ನೋಡುವ ವಿಧಾನ) ಮಾಡಲು ಬಹಳ ಒಳ್ಳೆಯದು. ಬಾಲ್ಬ್/ಸಿ ತಳಿಯ ಇಲಿಯಲ್ಲಿ ಆ ಅಣುವೇ ಇಲ್ಲ, ಹಾಗಾಗಿ ಅಲ್ಲಿ ಏನೂ ಕಾಣಿಸದು. ಕೇಕಿಗಂತೂ ಸಂಬಂಧವೇ ಇಲ್ಲ.

ಬಂದ ದಿನವೇ ಮಾಡಬೇಕಾದ್ದು

ವಯಲ್ ತೆರೆಯುವ ಮುಂಚೆ ಒಂದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಮುಚ್ಚಳಕ್ಕೆ ಅಂಟಿದ್ದು ಕೆಳಗೆ ಬರುತ್ತದೆ. 10–20 ಮೈಕ್ರೊಲೀಟರಿನ ಸಣ್ಣ ಪಾಲುಗಳಾಗಿ ಹಂಚಿ ಮೈನಸ್ 20ರಲ್ಲಿ ಇಡಿ. ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ, 4 ಡಿಗ್ರಿಯಲ್ಲಿಟ್ಟು ಬಳಸಿ ಮುಗಿಸಿ. ಅರ್ಧ ಭಾಗ ಗ್ಲಿಸರಾಲ್ ಇದ್ದರೆ ಮೈನಸ್ 20ರಲ್ಲಿ ಅದು ಗಟ್ಟಿಯಾಗುವುದೇ ಇಲ್ಲ, ಆಗ ಹಂಚುವ ತುರ್ತೂ ಇಲ್ಲ. ಬಣ್ಣ ಇಲ್ಲವೇ ಬೆಳಕು ಬರಿಸುವ ಕಿಣ್ವ ಎಚ್‌ಆರ್‌ಪಿ ಜೋಡಿಸಿದ ಆಂಟಿಬಾಡಿಗೆ ಮಾತ್ರ ಸೋಡಿಯಂ ಅಜೈಡ್ (ಕೆಡದಂತೆ ಹಾಕುವ ರಾಸಾಯನಿಕ) ಸೋಕಿಸಬೇಡಿ, ಕಿಣ್ವ ಕೆಲಸ ನಿಲ್ಲಿಸುತ್ತದೆ.

ಮೊದಲ ಪರೀಕ್ಷೆ: ಡಾಟ್ ಬ್ಲಾಟ್

ಜೆಲ್ ಹಾಕುವ ಮುಂಚೆ ಈ ಚಿಕ್ಕ ಪ್ರಯೋಗ ಮಾಡಿ. ಒಂದು ಮಧ್ಯಾಹ್ನದ ಕೆಲಸ. ಇದರಿಂದ ಸಿಗುವ ತಿಳಿವಳಿಕೆ ಮುಂದಿನ ಎಷ್ಟೋ ವಾರಗಳನ್ನು ಉಳಿಸುತ್ತದೆ.

ಶುದ್ಧ ಓವಾಲ್ಬುಮಿನ್ ಅನ್ನು ಪಿಬಿಎಸ್ ಎಂಬ ಉಪ್ಪಿನ ಬಫರಿನಲ್ಲಿ ಮಿಲಿಗೆ 1 ಮಿಲಿಗ್ರಾಂ ಇರುವಂತೆ ಕರಗಿಸಿ. ಜೋರಾಗಿ ಅಲ್ಲಾಡಿಸಬೇಡಿ, ನೊರೆ ಬಂದರೆ ಪ್ರೋಟೀನ್ ಬಿಚ್ಚಿಕೊಳ್ಳುತ್ತದೆ. 280 ನ್ಯಾನೊಮೀಟರಿನಲ್ಲಿ ಬೆಳಕಿನ ಹೀರಿಕೆ ಓದಿದರೆ ಸುಮಾರು 0.7 ಬರಬೇಕು. ಈಗ ಇದನ್ನು ಮೂರು ಪಾಲು ಮಾಡಿ. ಒಂದು ಹಾಗೆಯೇ ಇರಲಿ. ಇನ್ನೊಂದನ್ನು 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ. ಮೂರನೆಯದಕ್ಕೆ ಶೇ 1 ಎಸ್‌ಡಿಎಸ್ ಮತ್ತು ಡೈಸಲ್ಫೈಡ್ ಕೊಂಡಿ ಕತ್ತರಿಸುವ ಡಿಟಿಟಿ ಹಾಕಿ ಕಾಯಿಸಿ. ಮೂರನ್ನೂ ತೆಳು ಮಾಡಿ, ನೈಟ್ರೊಸೆಲ್ಯುಲೋಸ್ ಪೊರೆಯ ಮೇಲೆ 100, 10, 1 ನ್ಯಾನೊಗ್ರಾಂ ಬರುವಂತೆ ತಲಾ 1 ಮೈಕ್ರೊಲೀಟರ್ ಚುಕ್ಕೆ ಇಡಿ. ಪಕ್ಕದಲ್ಲಿ ಬಿಎಸ್‌ಎ (ಹಸುವಿನ ಸೀರಂ ಆಲ್ಬುಮಿನ್), ಓವೊಮ್ಯುಕಾಯ್ಡ್, ಲೈಸೊಜೈಮ್ ಚುಕ್ಕೆಗಳೂ ಇರಲಿ. ಒಣಗಿದ ಮೇಲೆ ಬ್ಲಾಕ್ ಮಾಡಿ (ಪೊರೆಯ ಖಾಲಿ ಜಾಗವನ್ನು ಬೇರೆ ಪ್ರೋಟೀನಿನಿಂದ ಮುಚ್ಚಿ), ಆಂಟಿಬಾಡಿ ಹಾಕಿ, ತೊಳೆದು ನೋಡಿ.

ಸಹಜ ರೂಪದ ಚುಕ್ಕೆ ಮಾತ್ರ ಹೊಳೆದರೆ ಆ ಆಂಟಿಬಾಡಿ ಲಸಿಕೆ, ಹಸಿ ಮೊಟ್ಟೆ, ಸೀರಂ ಸ್ಯಾಂಪಲ್‌ಗಳ ಎಲೈಸಾಗೆ ಸರಿ. ಕೊನೆಯದು ಚೆನ್ನಾಗಿ ಹೊಳೆದರೆ ಬ್ಲಾಟ್‌ಗೂ ಬೇಕರಿ ತಿನಿಸಿಗೂ ಆದೀತು. ಎಲ್ಲವೂ ಹೊಳೆದರೆ ನಿಮ್ಮ ಅದೃಷ್ಟ. ಲೈಸೊಜೈಮ್ ಚುಕ್ಕೆಯೂ ಹೊಳೆದರೆ ಎರಡು ಕಾರಣ ಇರಬಹುದು. ಆಂಟಿಬಾಡಿ ಬೆರಕೆಯಾಗಿದೆ, ಇಲ್ಲವೇ ನೀವು ಕೊಂಡ ಲೈಸೊಜೈಮಿನಲ್ಲೇ ಸ್ವಲ್ಪ ಓವಾಲ್ಬುಮಿನ್ ಇದೆ. ಎಲ್ಲವನ್ನೂ ಮೊಟ್ಟೆಯಿಂದಲೇ ತೆಗೆಯುವುದಲ್ವಾ? ಜೆಲ್‌ನಲ್ಲಿ ಓಡಿಸಿದರೆ ಯಾವುದೆಂದು ಗೊತ್ತಾಗುತ್ತದೆ. ಲೈಸೊಜೈಮಿನಲ್ಲಿ ಓವಾಲ್ಬುಮಿನ್ ಬೆರೆತಿದ್ದರೆ 45ರಲ್ಲಿ ಗೆರೆ, ಆಂಟಿಬಾಡಿ ನಿಜವಾಗಿ ಲೈಸೊಜೈಮಿಗೇ ಅಂಟಿದ್ದರೆ 14ರಲ್ಲಿ.

ವೆಸ್ಟರ್ನ್ ಬ್ಲಾಟ್

ಹಸಿ ಬಿಳಿಯನ್ನು ಪಾಸಿಟಿವ್ ಕಂಟ್ರೋಲ್ ಆಗಿ ಬಳಸುವವರು ಒಂದು ಲೆಕ್ಕ ಹಾಕಿಕೊಳ್ಳಿ. ಒಂದು ಮಿಲಿ ಬಿಳಿಯಲ್ಲಿ ಸುಮಾರು 50 ಮಿಲಿಗ್ರಾಂ ಓವಾಲ್ಬುಮಿನ್ ಇರುತ್ತದೆ. ಹತ್ತು ಸಾವಿರ ಪಟ್ಟು ತೆಳು ಮಾಡಿ 10 ಮೈಕ್ರೊಲೀಟರ್ ಹಾಕಿದರೂ ಲೇನಿನಲ್ಲಿ 50 ನ್ಯಾನೊಗ್ರಾಂ ಇರುತ್ತದೆ. ಬ್ಲಾಟ್‌ಗೆ ಅಷ್ಟು ಸಾಕು. ನೂರು ಪಟ್ಟು ಮಾತ್ರ ತೆಳು ಮಾಡಿದರೆ ಗೆರೆಯ ಬದಲು ದೊಡ್ಡ ಕಲೆ ಬರುತ್ತದೆ, ಪಕ್ಕದ ಲೇನಿಗೂ ಹರಿಯುತ್ತದೆ.

ಶೇ 12ರ ಜೆಲ್ ಹಾಕಿ. ಸ್ಯಾಂಪಲನ್ನು ಡಿಟಿಟಿ ಇರುವ ಬಫರಿನಲ್ಲಿ 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ ಓಡಿಸಿ. ಮಾರ್ಕರ್ (ಗಾತ್ರ ಗೊತ್ತಿರುವ ಪ್ರೋಟೀನುಗಳ ಮಿಶ್ರಣ) ವಿಷಯದಲ್ಲಿ ಎಚ್ಚರ. ಬಣ್ಣವಿಲ್ಲದ ಹಳೆಯ ಬಗೆಯ ಮಾರ್ಕರುಗಳಲ್ಲಿ 45 ಕಿಲೊಡಾಲ್ಟನ್ ಗೆರೆ ಎಂದರೆ ಸಾಮಾನ್ಯವಾಗಿ ಓವಾಲ್ಬುಮಿನ್ನೇ, 14ರದ್ದು ಲೈಸೊಜೈಮ್. ಆಂಟಿಬಾಡಿ ಮಾರ್ಕರಿನಲ್ಲೇ ಹೊಳೆದರೆ ಗಾಬರಿಯಾಗಬೇಡಿ. ಆದರೆ ಮಾರ್ಕರಿನ ಪಕ್ಕದ ಲೇನಿನಲ್ಲಿ ನೆಗೆಟಿವ್ ಕಂಟ್ರೋಲ್ ಇಡಬೇಡಿ, ಒಂದು ಲೇನ್ ಖಾಲಿ ಬಿಡಿ.

0.45 ಮೈಕ್ರಾನ್ ಪೊರೆಗೆ 100 ವೋಲ್ಟ್‌ನಲ್ಲಿ ಒಂದು ಗಂಟೆ ತಣ್ಣಗೆ ಟ್ರಾನ್ಸ್‌ಫರ್ ಮಾಡಿ. ಪಿವಿಡಿಎಫ್ ಪೊರೆಯಾದರೆ ಮೊದಲು ಮೆಥನಾಲ್‌ನಲ್ಲಿ ನೆನೆಸಿ. ಪಾಂಸೊ ಬಣ್ಣ ಹಾಕಿ ಪ್ರೋಟೀನ್ ದಾಟಿದೆಯೇ ನೋಡಿ. ಶೇ 5 ಕೆನೆರಹಿತ ಹಾಲಿನ ಪುಡಿ, ಶೇ 0.1 ಟ್ವೀನ್-20 (ಸೌಮ್ಯ ಮಾರ್ಜಕ) ಇರುವ ಟಿಬಿಎಸ್ ಬಫರಿನಲ್ಲಿ ಒಂದು ಗಂಟೆ ಬ್ಲಾಕ್ ಮಾಡಿ. ಕೆಲವು ಹಳೆಯ ವಿಧಾನಗಳಲ್ಲಿ ಬ್ಲಾಕ್ ಮಾಡಲು ಓವಾಲ್ಬುಮಿನ್ನನ್ನೇ ಹೇಳಿರುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಇಡೀ ಪೊರೆ ಕಪ್ಪಾಗುತ್ತದೆ.

ಪ್ರೈಮರಿ ಆಂಟಿಬಾಡಿಯನ್ನು (ಓವಾಲ್ಬುಮಿನ್ ಹಿಡಿಯುವುದು) 1:1000, 1:5000, 1:20,000 ಎಂದು ಮೂರು ಪಟ್ಟಿಗಳಲ್ಲಿ ಪರೀಕ್ಷಿಸಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಹತ್ತು ಹತ್ತು ನಿಮಿಷ ಮೂರು ಸಲ ತೊಳೆಯಿರಿ. ಎಚ್‌ಆರ್‌ಪಿ ಸೆಕೆಂಡರಿ 1:10,000, ಒಂದು ಗಂಟೆ. ಮತ್ತೆ ತೊಳೆದು ಇಸಿಎಲ್ (ಎಚ್‌ಆರ್‌ಪಿ ಇದ್ದಲ್ಲಿ ಬೆಳಕು ಕೊಡುವ ದ್ರಾವಣ) ಹಾಕಿ ಚಿತ್ರ ತೆಗೆಯಿರಿ. ಸೆಕೆಂಡರಿ ಮಾತ್ರ ಹಾಕಿದ ಒಂದು ಪಟ್ಟಿ ಜೊತೆಗಿರಲೇಬೇಕು.

45ರಲ್ಲಿ ಒಂದು ಗೆರೆ ಬಂದರೆ ಸರಿ. 90ರ ಹತ್ತಿರ ಇನ್ನೊಂದು ಬಂದರೆ ಜೋಡಿ ಅಣುಗಳಿರಬಹುದು, ಹೊಸ ಡಿಟಿಟಿ ಹಾಕಿ ನೋಡಿ. ಕೆಳಗೆ ಸಣ್ಣ ಗೆರೆಗಳಿದ್ದರೆ ಪ್ರೋಟೀನ್ ತುಂಡಾಗಿರಬಹುದು.

ಎಲೈಸಾ

ಎಷ್ಟಿದೆ ಎಂದು ಹೇಳಬೇಕಾದರೆ ಸ್ಯಾಂಡ್‌ವಿಚ್ ಎಲೈಸಾ ಬೇಕು. ಹಿಡಿಯುವ ಆಂಟಿಬಾಡಿ ಒಂದು, ತೋರಿಸುವುದು ಇನ್ನೊಂದು. ಎರಡಕ್ಕೂ ಒಂದೇ ಮೊನೊಕ್ಲೋನಲ್ ಬಳಸಲಾಗದು. ಓವಾಲ್ಬುಮಿನ್ ಒಂಟಿ ಅಣು. ಅದರಲ್ಲಿರುವ ಒಂದೇ ಜಾಗವನ್ನು ಮೊದಲ ಆಂಟಿಬಾಡಿ ಹಿಡಿದುಕೊಂಡರೆ ಎರಡನೆಯದಕ್ಕೆ ಜಾಗವಿಲ್ಲ. ಇಲಿಯ ಮೊನೊಕ್ಲೋನಲ್ ತಳಕ್ಕೆ, ಎಚ್‌ಆರ್‌ಪಿ ಜೋಡಿಸಿದ ಮೊಲದ ಪಾಲಿಕ್ಲೋನಲ್ ಮೇಲಕ್ಕೆ ಎಂಬುದು ನಂಬಿಕೆಯ ಜೋಡಿ.

ಪಿಎಚ್ 9.6ರ ಕಾರ್ಬೊನೇಟ್ ಬಫರಿನಲ್ಲಿ ಮಿಲಿಗೆ 2 ಮೈಕ್ರೊಗ್ರಾಂ ಆಂಟಿಬಾಡಿ, ವೆಲ್ಲಿಗೆ 100 ಮೈಕ್ರೊಲೀಟರ್, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಬೆಳಿಗ್ಗೆ ಶೇ 0.05 ಟ್ವೀನ್ ಇರುವ ಪಿಬಿಎಸ್‌ನಿಂದ ಮೂರು ಸಲ ತೊಳೆದು, ಶೇ 1 ಬಿಎಸ್‌ಎಯಿಂದ ಒಂದು ಗಂಟೆ ಬ್ಲಾಕ್ ಮಾಡಿ. ಓವಾಲ್ಬುಮಿನ್ ಸ್ಟ್ಯಾಂಡರ್ಡ್‌ಗಳನ್ನು ಮಿಲಿಗೆ 100 ನ್ಯಾನೊಗ್ರಾಂನಿಂದ ಶುರುಮಾಡಿ ಅರ್ಧರ್ಧ ಮಾಡುತ್ತ 1ರ ಹತ್ತಿರದವರೆಗೆ ಇಳಿಸಿ. ಸ್ಟ್ಯಾಂಡರ್ಡ್, ಸ್ಯಾಂಪಲ್, ಖಾಲಿ ಬಫರ್ ಎಲ್ಲವೂ ಮೂರು ಮೂರು ವೆಲ್. ಒಂದು ಗಂಟೆ ಬಿಟ್ಟು ತೊಳೆಯಿರಿ. ತೋರಿಸುವ ಆಂಟಿಬಾಡಿ ಹಾಕಿ ಇನ್ನೊಂದು ಗಂಟೆ, ಈ ಸಲ ಐದು ಬಾರಿ ತೊಳೆಯಿರಿ. ಎಚ್‌ಆರ್‌ಪಿಯಿಂದ ನೀಲಿಯಾಗುವ ಟಿಎಂಬಿ ಹಾಕಿ 10–15 ನಿಮಿಷ ಕತ್ತಲಲ್ಲಿಡಿ. ನೀಲಿ ಬಣ್ಣ ಸಾಕಷ್ಟು ಬಂದಾಗ ಗಂಧಕಾಮ್ಲ ಹಾಕಿ ನಿಲ್ಲಿಸಿ, 450 ನ್ಯಾನೊಮೀಟರಿನಲ್ಲಿ ಓದಿ. ಲೆಕ್ಕಕ್ಕೆ ಸರಳ ರೇಖೆ ಎಳೆಯಬೇಡಿ, ಎಸ್ ಆಕಾರದ ನಾಲ್ಕು ಪ್ಯಾರಾಮೀಟರಿನ ಲಾಜಿಸ್ಟಿಕ್ ಕರ್ವ್ ಬಳಸಿ.

ಆಂಟಿಬಾಡಿಗೆ ಕಿಣ್ವವನ್ನು ಅಂಟಿಸಲು ಬಳಸುವ ಬಯೋಟಿನ್–ಸ್ಟ್ರೆಪ್ಟಾವಿಡಿನ್ ಜೋಡಿಯನ್ನು ಇಲ್ಲಿ ನಾನು ಇಷ್ಟಪಡುವುದಿಲ್ಲ. ಮೊಟ್ಟೆಯ ಬಿಳಿಯಲ್ಲೇ ಶೇ 0.05ರಷ್ಟು ಅವಿಡಿನ್ ಇದೆ. ಅದು ಬಯೋಟಿನ್ನನ್ನು ಬಿಡದಂತೆ ಹಿಡಿಯುತ್ತದೆ. ವೆಲ್ಲಿನಲ್ಲಿ ಚೂರು ಉಳಿದರೂ ಲೆಕ್ಕ ಕೆಡಬಹುದು. ಎಚ್‌ಆರ್‌ಪಿ ನೇರವಾಗಿ ಜೋಡಿಸಿದ ಆಂಟಿಬಾಡಿ ಇದ್ದರೆ ಆ ತಲೆನೋವೇ ಇಲ್ಲ.

ಬೇಕರಿ ತಿನಿಸು: ಎಲ್ಲಕ್ಕಿಂತ ಕಷ್ಟದ ಸ್ಯಾಂಪಲ್

ಬೆಂದ ಕೇಕನ್ನು ಬರೀ ಪಿಬಿಎಸ್‌ನಲ್ಲಿ ಕಲಸಿದರೆ ಓವಾಲ್ಬುಮಿನ್ನಿನ ಬಹುಪಾಲು ಹಿಟ್ಟಿನ ಜೊತೆ ತಳದಲ್ಲೇ ಉಳಿಯುತ್ತದೆ. ಪರೀಕ್ಷೆ ಇಲ್ಲ ಎನ್ನುತ್ತದೆ, ತಿಂದ ಮಗುವಿಗೆ ಮಾತ್ರ ದದ್ದು ಏಳುತ್ತದೆ. ಅದಕ್ಕೇ ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ.

ತಿನಿಸನ್ನು ನುಣ್ಣಗೆ ಪುಡಿ ಮಾಡಿ. ಒಂದೇ ಮೂಲೆಯಿಂದ ತೆಗೆಯಬೇಡಿ, ಹಲವು ತುಂಡುಗಳನ್ನು ಒಟ್ಟು ಪುಡಿ ಮಾಡಿ ಅದರಿಂದ 1 ಗ್ರಾಂ ತೂಗಿ. ಬೆಣ್ಣೆ, ಡಾಲ್ಡಾ ಜಾಸ್ತಿ ಇದ್ದರೆ ತಣ್ಣನೆಯ ಅಸಿಟೋನ್‌ನಿಂದ ಕೊಬ್ಬು ತೆಗೆಯಿರಿ. ನಂತರ ಎಸ್‌ಡಿಎಸ್ ಮತ್ತು 2-ಮರ್ಕ್ಯಾಪ್ಟೊಇಥನಾಲ್ ಇರುವ 19 ಮಿಲಿ ಬಫರಿನಲ್ಲಿ ರಾತ್ರಿಯಿಡೀ ಅಲ್ಲಾಡಿಸಿ. ಎಸ್‌ಡಿಎಸ್ ಮುದ್ದೆಯನ್ನು ಬಿಡಿಸುತ್ತದೆ, ಮರ್ಕ್ಯಾಪ್ಟೊಇಥನಾಲ್ ಡೈಸಲ್ಫೈಡ್ ಕೊಂಡಿಗಳನ್ನು ಕತ್ತರಿಸುತ್ತದೆ. ಜಪಾನಿನಲ್ಲಿ ಆಹಾರದ ಅಲರ್ಜನ್ ಪರೀಕ್ಷೆಗೆ ಇದೇ ದಾರಿ ಹಿಡಿದರು. ಮರ್ಕ್ಯಾಪ್ಟೊಇಥನಾಲ್ ವಿಷಕಾರಿ, ವಾಸನೆಯೂ ಕೆಟ್ಟದ್ದು. ಹಾಗಾಗಿ ಮುಂದೆ ಅದರ ಬದಲು ಸೋಡಿಯಂ ಸಲ್ಫೈಟ್ ಬಳಸುವ ಕಿಟ್‌ಗಳೂ ಬಂದವು. ನೀವು ಮರ್ಕ್ಯಾಪ್ಟೊಇಥನಾಲ್ ಬಳಸುವುದಾದರೆ ಫ್ಯೂಮ್ ಹುಡ್‌ನಲ್ಲೇ ಬಳಸಿ.

ಈ ಬಫರ್ ನಿಮ್ಮ ಆಂಟಿಬಾಡಿಯನ್ನೂ ಬಿಚ್ಚಿಹಾಕುತ್ತದೆ. ಆದ್ದರಿಂದ ಸೆಂಟ್ರಿಫ್ಯೂಜ್ ಮಾಡಿ, ಸೋಸಿ, ಕನಿಷ್ಠ 20 ಪಟ್ಟು ತೆಳು ಮಾಡಿ ವೆಲ್ಲಿಗೆ ಹಾಕಿ. ಸ್ಟ್ಯಾಂಡರ್ಡ್‌ಗಳನ್ನೂ ಅದೇ ಬಫರಿನಲ್ಲಿ ಕಾಯಿಸಿ ಅಷ್ಟೇ ತೆಳು ಮಾಡಿ. ಸಹಜ ರೂಪದ ಸ್ಟ್ಯಾಂಡರ್ಡ್ ಇಟ್ಟು ಬೆಂದ ಸ್ಯಾಂಪಲ್ ಅಳೆದರೆ ಬರುವ ಸಂಖ್ಯೆಗೆ ಅರ್ಥವಿಲ್ಲ.

ಇಷ್ಟು ತೆಳು ಮಾಡಿದರೆ ಸಿಗುತ್ತದೆಯೇ? ಲೆಕ್ಕ ಹಾಕೋಣ. ಜಪಾನಿನ ಮಿತಿ ಗ್ರಾಂಗೆ 10 ಮೈಕ್ರೊಗ್ರಾಂ ಮೊಟ್ಟೆ ಪ್ರೋಟೀನ್. 1 ಗ್ರಾಂ ತಿನಿಸು 20 ಮಿಲಿ ಆಯಿತು ಎಂದುಕೊಳ್ಳಿ, ಮಿಲಿಗೆ 0.5 ಮೈಕ್ರೊಗ್ರಾಂ. ಇನ್ನೂ 20 ಪಟ್ಟು ತೆಳುವಾದರೆ 25 ನ್ಯಾನೊಗ್ರಾಂ. ಬಿಳಿಯ ಪ್ರೋಟೀನೇ ಆಗಿದ್ದರೆ ಅದರಲ್ಲಿ ಸುಮಾರು ಅರ್ಧ, ಅಂದರೆ 12–13 ನ್ಯಾನೊಗ್ರಾಂ ಓವಾಲ್ಬುಮಿನ್. ನಮ್ಮ ಕರ್ವಿನ ನಡುವೆಯೇ ಬೀಳುತ್ತದೆ.

ಕೊಕೊ, ರಾಗಿಯಂಥವು ಇದ್ದರೆ ಅವುಗಳ ಪಾಲಿಫೀನಾಲ್‌ಗಳು ಪ್ರೋಟೀನಿಗೆ ಅಂಟಿಕೊಂಡು ಮರೆಮಾಡುತ್ತವೆ. ಬಫರಿಗೆ ಮೀನಿನ ಜೆಲಟಿನ್ ಸೇರಿಸಿದರೆ ಅವು ಅದಕ್ಕೆ ಅಂಟಿ ಓವಾಲ್ಬುಮಿನ್ನನ್ನು ಬಿಡುತ್ತವೆ.

ಈಗ ವಿಧಾನ ಸರಿಯಿದೆಯೇ ಎಂದು ಸಾಬೀತು ಮಾಡಿ. ಅದೇ ಹಿಟ್ಟು, ಸಕ್ಕರೆ, ಕೊಬ್ಬು ಹಾಕಿ ಮೊಟ್ಟೆಯಿಲ್ಲದ ಬಿಸ್ಕತ್ತು ನೀವೇ ಬೇಯಿಸಿ. ಇನ್ನೊಂದು ಕಣಕಕ್ಕೆ ತೂಗಿದ ಮೊಟ್ಟೆ ಬಿಳಿಯ ಪುಡಿ ಬೆರೆಸಿ ಬೇಯಿಸಿ. ಬೆಂದ ಮೇಲೆ ಓವಾಲ್ಬುಮಿನ್ ಸುರಿದು ಅಳೆಯುವುದು ಸುಲಭ, ಫಲಿತಾಂಶವೂ ಚೆನ್ನಾಗಿ ಬರುತ್ತದೆ. ಆದರೆ ಅದು ನಿಜವಾದ ತಿನಿಸಿನ ಸ್ಥಿತಿಯಲ್ಲ. ಹಾಕಿದ್ದರಲ್ಲಿ ಶೇ 80–120 ಸಿಕ್ಕರೆ ಬಹಳ ಚೆನ್ನ. ಬೇಯಿಸಿದ ತಿನಿಸಿನಂಥ ಕಷ್ಟದ ಸ್ಯಾಂಪಲ್‌ಗಳಲ್ಲಿ ಶೇ 50–150ನ್ನೂ ಒಪ್ಪುತ್ತಾರೆ, ಆದರೆ ಪ್ರತಿ ಸಲವೂ ಅದೇ ಮಟ್ಟದಲ್ಲಿ ಬರಬೇಕು. ಅದೇ ಸಾರವನ್ನು 20, 40, 80 ಪಟ್ಟು ತೆಳು ಮಾಡಿ ಓದಿ. ಮರಳಿ ಗುಣಿಸಿದಾಗ ಮೂರೂ ಒಂದೇ ಉತ್ತರಕ್ಕೆ ಹತ್ತಿರ ಬರಬೇಕು. ಬಾರದಿದ್ದರೆ ತಿನಿಸಿನಲ್ಲಿರುವ ಬೇರೇನೋ ಅಡ್ಡ ಬರುತ್ತಿದೆ.

ಜೀವಕೋಶ, ಅಂಗಾಂಶಗಳಲ್ಲಿ

ಓವಾಲ್ಬುಮಿನ್ ಜೀನ್ ಹಾಕಿದ ಕೋಶಗಳಲ್ಲಿ ಹುಡುಕುವಾಗ ಕೋಶದ ಜೊತೆಗೆ ಅದು ಬೆಳೆದ ಮಾಧ್ಯಮವನ್ನೂ ನೋಡಿ. ಓವಾಲ್ಬುಮಿನ್ ಸಹಜವಾಗಿ ಕೋಶದ ಹೊರಗೆ ಹೋಗುವ ಪ್ರೋಟೀನ್. ಜೀನ್ ಹೊತ್ತೊಯ್ಯುವ ಕೆಲವು ಪ್ಲಾಸ್ಮಿಡ್‌ಗಳಲ್ಲಿ (ಉಂಗುರದಂಥ ಡಿಎನ್‌ಎ) ಅದರ ಒಂದು ತುಂಡು ಮಾತ್ರ ಇರುತ್ತದೆ. ನಿಮ್ಮ ಮೊನೊಕ್ಲೋನಲ್ ಗುರುತಿಸುವ ಭಾಗ ಅದರಲ್ಲಿದೆಯೇ ಎಂದು ಅನುಕ್ರಮ ನೋಡಿಕೊಳ್ಳಿ.

ಓವಾಲ್ಬುಮಿನ್ ಚುಚ್ಚಿದ ಇಲಿಯ ಸೀರಂನಲ್ಲಿ ಅದರದ್ದೇ ಆಂಟಿಬಾಡಿಗಳು ತುಂಬಿರುತ್ತವೆ. ಅವು ಓವಾಲ್ಬುಮಿನ್ನನ್ನು ಸುತ್ತುವರಿದು ನಿಮ್ಮ ಎಲೈಸಾದಿಂದ ಮರೆಮಾಡಬಹುದು. ಇನ್ನೊಂದು ಬಲೆ ಇದೆ. ಸಣ್ಣ ಅಣುಗಳಿಗೆ, ಪೆಪ್ಟೈಡುಗಳಿಗೆ ಆಂಟಿಬಾಡಿ ತಯಾರಿಸುವಾಗ ಅವನ್ನು ಓವಾಲ್ಬುಮಿನ್‌ಗೆ ಜೋಡಿಸಿ ಚುಚ್ಚುವುದುಂಟು. ಹಾಗೆ ತಯಾರಾದ ಪಾಲಿಕ್ಲೋನಲ್ ಸೀರಂನಲ್ಲಿ ಓವಾಲ್ಬುಮಿನ್ ಹಿಡಿಯುವ ಆಂಟಿಬಾಡಿಗಳೂ ಇರುತ್ತವೆ. ನಿಮ್ಮ ಪ್ರಯೋಗದ ಬೇರೆ ಆಂಟಿಬಾಡಿಗಳಲ್ಲಿ ಅಂಥದ್ದು ಇದೆಯೇ ಎಂದು ಡೇಟಾಶೀಟ್ ನೋಡಿ. ಇದ್ದರೆ ಓವಾಲ್ಬುಮಿನ್ ಇಲ್ಲದ ಇಲಿಯ ಅಂಗಾಂಶದ ಜೊತೆ ಹೋಲಿಸದೆ ಯಾವ ಬಣ್ಣವನ್ನೂ ನಂಬಬೇಡಿ.

ಬಣ್ಣ ನಿಜವೇ ಎಂದು ನೋಡಲು ಒಂದು ಒಳ್ಳೆಯ ದಾರಿಯಿದೆ. ಆಂಟಿಬಾಡಿಗೆ ಮೊದಲೇ ಹೆಚ್ಚು ಓವಾಲ್ಬುಮಿನ್ ಬೆರೆಸಿ ಒಂದು ಗಂಟೆ ಬಿಟ್ಟು ಸ್ಲೈಡ್‌ಗೆ ಹಾಕಿ. ನಿಜವಾದ ಬಣ್ಣ ಮಾಯವಾಗುತ್ತದೆ.

ಫಲಿತಾಂಶ ಬರೆಯುವಾಗ

ಆಂಟಿಬಾಡಿಯ ಕಂಪನಿ, ಕ್ಯಾಟಲಾಗ್ ಸಂಖ್ಯೆ, ಕ್ಲೋನ್, ಲಾಟ್, ತೆಳು ಮಾಡಿದ ಪ್ರಮಾಣ ಎಲ್ಲವನ್ನೂ ಬರೆಯಿರಿ. ಹೊಸ ಲಾಟ್ ಬಂದಾಗ ಹಳೆಯದರ ಜೊತೆ ಒಂದೇ ಪ್ಲೇಟಿನಲ್ಲಿ ಹೋಲಿಸಿ. ಅದಕ್ಕಾಗಿ ಹಳೆಯ ಲಾಟಿನ ಒಂದು ಪಾಲು ಎತ್ತಿಡಿ.

ಸಂಖ್ಯೆ ಯಾವುದರದ್ದು ಎಂದು ಸ್ಪಷ್ಟವಾಗಿರಲಿ. ಓವಾಲ್ಬುಮಿನ್, ಬಿಳಿಯ ಪ್ರೋಟೀನ್, ಇಡೀ ಮೊಟ್ಟೆಯ ಪುಡಿ ಎಂದು ಬೇರೆ ಬೇರೆ ಕಿಟ್‌ಗಳು ಬೇರೆ ಬೇರೆ ಲೆಕ್ಕ ಕೊಡುತ್ತವೆ. ಒಂದೇ ಬಿಸ್ಕತ್ತಿಗೆ ಮೂರು ಸಂಖ್ಯೆ ಬರುವುದು ಇದರಿಂದಲೇ. ಏನೂ ಸಿಗದಿದ್ದಾಗ ಮೊಟ್ಟೆ ಇಲ್ಲ ಎಂದು ಬರೆಯಬೇಡಿ. ಗ್ರಾಂಗೆ ಇಷ್ಟು ಮೈಕ್ರೊಗ್ರಾಂಗಿಂತ ಕಡಿಮೆ ಎಂದು, ನಿಮ್ಮ ವಿಧಾನದ ಮಿತಿಯ ಸಮೇತ ಬರೆಯಿರಿ. ಆ ಮಿತಿಯನ್ನು ಶುದ್ಧ ಬಫರಿನಿಂದ ಲೆಕ್ಕ ಹಾಕಬೇಡಿ, ನೀವೇ ಬೇಯಿಸಿದ ಮೊಟ್ಟೆಯಿಲ್ಲದ ಬಿಸ್ಕತ್ತಿನ ಓದುಗಳಿಂದ ಲೆಕ್ಕ ಹಾಕಿ.